25 ವಾರಗಳ ಬಾಕಿ: ಒಲಿವಿಯಾ ಡಿ ಹ್ಯಾವಿಲೆಂಡ್ ಗೆದ್ದ ಪ್ರಕರಣ

1943ರ ಮೇ ತಿಂಗಳಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋ ಜೊತೆಗಿನ ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಏಳು ವರ್ಷದ ಕರಾರು ಮುಗಿಯಿತು. ಮುಗಿಯಿತು ಅಂತ ಅವರು ಅಂದುಕೊಂಡಿದ್ದರು. ಸ್ಟುಡಿಯೋದವರ ಲೆಕ್ಕ ಬೇರೆಯೇ ಇತ್ತು. ನಿಮ್ಮಿಂದ ನಮಗೆ ಇನ್ನೂ 25 ವಾರದ ಕೆಲಸ ಬಾಕಿ ಇದೆ, ಅದನ್ನು ತೀರಿಸಿ ಹೋಗಿ ಎಂದರು.

25 ವಾರ ಅಂದರೆ ಹೆಚ್ಚುಕಡಿಮೆ ಆರು ತಿಂಗಳು. ಅಷ್ಟೇ ಅಲ್ವಾ, ಒಂದೆರಡು ಸಿನಿಮಾ ಮಾಡಿಕೊಟ್ಟು ಕೈತೊಳೆದುಕೊಳ್ಳಬಹುದಿತ್ತು ಅನಿಸುತ್ತದೆ. ಒಲಿವಿಯಾ ಹಾಗೆ ಮಾಡಲಿಲ್ಲ. ಆ ಆರು ತಿಂಗಳು ತಾನು ಯಾರಿಗೂ ಕೊಡಬೇಕಾದದ್ದಲ್ಲ ಎಂದು ಕೋರ್ಟಿಗೆ ಹೋದರು. ಅದಕ್ಕಾಗಿ ಸುಮಾರು ಎರಡು ವರ್ಷ ಕ್ಯಾಮೆರಾ ಮುಂದೆ ನಿಲ್ಲಲಾಗದೆ ಕಾಯಬೇಕಾಯಿತು. ಆಗ ಅವರಿಗೆ 27 ವರ್ಷ. ಹಾಲಿವುಡ್‌ನಲ್ಲಿ ಒಬ್ಬ ನಟಿಗೆ ಆ ವಯಸ್ಸಿನ ಎರಡು ವರ್ಷ ಎಷ್ಟು ದುಬಾರಿ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಬಾಕಿ ಲೆಕ್ಕ ಎಲ್ಲಿಂದ ಹುಟ್ಟಿತು ಅನ್ನುವುದರಲ್ಲೇ ಇಡೀ ಪ್ರಕರಣ ಇದೆ. ಅದಕ್ಕೆ ಮೊದಲು ಅವರ ಬಗ್ಗೆ ಸ್ವಲ್ಪ.

ಒಲಿವಿಯಾ ಹುಟ್ಟಿದ್ದು 1916ರ ಜುಲೈ 1ರಂದು, ಜಪಾನಿನ ಟೋಕಿಯೋದಲ್ಲಿ. ಅಪ್ಪ ಅಮ್ಮ ಇಬ್ಬರೂ ಇಂಗ್ಲೆಂಡಿನವರು. 1919ರಲ್ಲಿ ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದು ಸರಟೋಗ ಅನ್ನುವ ಸಣ್ಣ ಊರಿನಲ್ಲಿ ನೆಲೆ ನಿಂತರು. ತಂಗಿ ಜೋನ್ ಮುಂದೆ ಜೋನ್ ಫಾಂಟೇನ್ ಎಂದು ಹೆಸರಾದ ನಟಿ. ಒಲಿವಿಯಾಗೆ ಟೀಚರ್ ಆಗುವ ಆಸೆ ಇತ್ತು. ಕಾಲೇಜಿಗೆ ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಅಷ್ಟರಲ್ಲಿ 1934ರಲ್ಲಿ ಹೆಸರಾಂತ ರಂಗ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರು ಹಾಲಿವುಡ್ ಬೌಲ್‌ನ ಬಯಲು ರಂಗದಲ್ಲಿ ಶೇಕ್ಸ್‌ಪಿಯರ್ ನಾಟಕವೊಂದನ್ನು ಆಡಿಸಿದರು. ಹರ್ಮಿಯಾ ಪಾತ್ರ ಮಾಡಬೇಕಿದ್ದವರು ಬರಲಾಗಲಿಲ್ಲ. ಬದಲಿ ನಟಿಯೂ ಇರಲಿಲ್ಲ. ಬದಲಿಗೆ ಬದಲಿಯಾಗಿ ಇಟ್ಟುಕೊಂಡಿದ್ದ 18ರ ಹುಡುಗಿ ರಂಗಕ್ಕೆ ಹತ್ತಿದಳು. ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಿತು, ಅದೇ ಹುಡುಗಿಯನ್ನು ಕರಾರಿಗೆ ತೆಗೆದುಕೊಂಡಿತು. ಟೀಚರ್ ಕೆಲಸ ಅಲ್ಲಿಗೇ ನಿಂತಿತು.

1935ರಲ್ಲಿ ನಟ ಎರಾಲ್ ಫ್ಲಿನ್ ಜೊತೆ ‘ಕ್ಯಾಪ್ಟನ್ ಬ್ಲಡ್’ ಬಂತು. ಜೋಡಿ ಜನಕ್ಕೆ ತುಂಬಾ ಹಿಡಿಸಿತು. ಮುಂದೆ ಇಬ್ಬರೂ ಒಟ್ಟು ಎಂಟು ಸಿನಿಮಾ ಮಾಡಿದರು. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ನ ಮೇರಿಯನ್ ಇವತ್ತಿಗೂ ನೋಡೋಕೆ ಚಂದ. ಆದರೆ ಅದನ್ನು ನೋಡುವಾಗ ಒಂದು ವಿಷಯ ಗಮನಿಸಿ. ಕತ್ತಿ ಹಿಡಿಯುವುದು ಅವನು, ಮರ ಹತ್ತುವುದು ಅವನು, ಹಾಸ್ಯ ಮಾಡುವುದೂ ಅವನು. ಇವಳ ಕೆಲಸ ಜಾಸ್ತಿ ಹೊತ್ತು ಅವನನ್ನು ನೋಡುತ್ತಾ ನಿಲ್ಲುವುದು. ಎಂಟು ಸಲ ಹೀಗೇ ನಿಂತರೆ ಯಾರಿಗಾದರೂ ಸಾಕಾಗುತ್ತದೆ.

ಕರಾರು ಹೇಗಿತ್ತು

ಆ ಕಾಲದ ಸ್ಟುಡಿಯೋ ಕರಾರನ್ನು ಏಳು ವರ್ಷದ ಕರಾರು ಅಂತ ಕರೆಯುತ್ತಿದ್ದರು. ನಿಜಕ್ಕೂ ಅದು ಒಂದೊಂದು ವರ್ಷದ ಏಳು ತುಂಡುಗಳು. ಪ್ರತಿ ತುಂಡು ಮುಗಿದಾಗ ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಹಕ್ಕು ಸ್ಟುಡಿಯೋಗೆ ಮಾತ್ರ ಇತ್ತು. ಬೇಡ ಅನಿಸಿದರೆ ಅವರು ಕೈಬಿಡಬಹುದು, ನಟಿ ಮಾತ್ರ ಬಿಟ್ಟು ಹೋಗುವ ಹಾಗಿಲ್ಲ. ಯಾವ ಸಿನಿಮಾ, ಯಾವ ಪಾತ್ರ ಅಂತ ನಿರ್ಧರಿಸುವುದೂ ಅವರೇ. ಬೇರೆ ಸ್ಟುಡಿಯೋಗೆ ಕಡ ಕೊಡುವುದಾದರೆ ದರ ಮಾತಾಡಿಕೊಳ್ಳುವುದೂ ಅವರೇ. ಆ ದರಕ್ಕೂ ನಟಿಯ ಸಂಬಳಕ್ಕೂ ನಡುವಿನ ಲಾಭ ಅವರ ಜೇಬಿಗೇ.

ಇಷ್ಟನ್ನು ಹೇಗೋ ಸಹಿಸಬಹುದಿತ್ತೇನೋ. ಉಸಿರು ಕಟ್ಟಿಸುತ್ತಿದ್ದದ್ದು ಸಸ್ಪೆನ್ಷನ್ ಷರತ್ತು. ಕೊಟ್ಟ ಪಾತ್ರ ಬೇಡ ಅಂದರೆ ಸಂಬಳ ನಿಲ್ಲುತ್ತಿತ್ತು. ಅದು ಸರಿ, ಕೆಲಸ ಮಾಡದಿದ್ದರೆ ಸಂಬಳ ಇಲ್ಲ ಅನ್ನೋಣ. ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಆ ಪಾತ್ರವನ್ನು ಬೇರೊಬ್ಬ ನಟಿ ಮಾಡಿ ಮುಗಿಸಲು ಎಷ್ಟು ವಾರ ಹಿಡಿಯುತ್ತದೋ ಅಷ್ಟೂ ವಾರ ಇವರ ಕರಾರಿನ ಬಾಲಕ್ಕೆ ಸೇರುತ್ತಿತ್ತು. ಇವತ್ತು ಹತ್ತು ವಾರದ ಒಂದು ಸಿನಿಮಾ ಬೇಡ ಅಂದಿರಿ ಅಂದುಕೊಳ್ಳಿ. ಹತ್ತು ವಾರ ಸಂಬಳವಿಲ್ಲದೆ ಮನೆಯಲ್ಲಿ ಕೂರುತ್ತೀರಿ. ಏಳು ವರ್ಷ ಮುಗಿದ ಮೇಲೆ ಅದೇ ಹತ್ತು ವಾರ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಆ ಹತ್ತು ವಾರದಲ್ಲೂ ಕೆಟ್ಟ ಪಾತ್ರವನ್ನೇ ಕೊಟ್ಟರೆ? ಮತ್ತೆ ಬೇಡ ಅಂದರೆ? ಮತ್ತೆ ವಾರಗಳು ಸೇರುತ್ತವೆ. ಹಾಗೆ ನೋಡಿದರೆ ಕರಾರು ಎಂದು ಮುಗಿಯುತ್ತದೆ ಅನ್ನುವುದು ಪೂರ್ತಿ ಸ್ಟುಡಿಯೋ ಕೈಯಲ್ಲೇ ಇತ್ತು.

ಒಲಿವಿಯಾ ಯಾಕೆ ಪಾತ್ರಗಳನ್ನು ಬೇಡ ಅನ್ನುತ್ತಿದ್ದರು? ಇದಕ್ಕೆ ಅವರ ಸಿನಿಮಾಗಳ ಪಟ್ಟಿಯೇ ಉತ್ತರ ಕೊಡುತ್ತದೆ. ‘ಗಾನ್ ವಿತ್ ದ ವಿಂಡ್’ ಸಿನಿಮಾದ ಮೆಲನಿ ಪಾತ್ರ ಅವರಿಗೆ ಬೇಕೇಬೇಕಿತ್ತು. ಅದು ಬೇರೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರ ಸಿನಿಮಾ. ಕಳಿಸಿಕೊಡಲು ವಾರ್ನರ್ ಸ್ಟುಡಿಯೋದ ಯಜಮಾನ ಜ್ಯಾಕ್ ವಾರ್ನರ್ ಒಪ್ಪಲಿಲ್ಲ. ಆಗ ಒಲಿವಿಯಾ, ಜ್ಯಾಕ್ ಅವರ ಹೆಂಡತಿ ಆ್ಯನ್ ವಾರ್ನರ್ ಅವರನ್ನು ಚಹಾಕ್ಕೆ ಕರೆದರು. ನನಗೆ ಈ ಪಾತ್ರ ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಿ, ಗಂಡನ ಹತ್ತಿರ ಒಂದು ಮಾತು ಆಡಿ ಅಂತ ಕೇಳಿಕೊಂಡರು. ಆ ಮಾತು ನಡೆಯಿತು. ಬದಲಿಗೆ ಸೆಲ್ಜ್‌ನಿಕ್ ತಮ್ಮ ಬಳಿ ಇದ್ದ ಜೇಮ್ಸ್ ಸ್ಟುವರ್ಟ್ ಅವರ ಒಂದು ಸಿನಿಮಾದ ಹಕ್ಕನ್ನು ವಾರ್ನರ್‌ಗೆ ಬಿಟ್ಟುಕೊಟ್ಟರು. ಒಬ್ಬ ನಟಿಗೆ ಒಬ್ಬ ನಟ, ಸಂತೆಯಲ್ಲಿ ಎತ್ತು ಬದಲಾಯಿಸಿಕೊಂಡ ಹಾಗೆ.

ಮೆಲನಿಯಿಂದ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ಅದೇ ಸಿನಿಮಾದ ಹ್ಯಾಟಿ ಮ್ಯಾಕ್‌ಡ್ಯಾನಿಯಲ್ ಅವರಿಗೆ ಹೋಯಿತು. ಎರಡನೆಯ ನಾಮನಿರ್ದೇಶನ 1941ರ ‘ಹೋಲ್ಡ್ ಬ್ಯಾಕ್ ದ ಡಾನ್’ಗೆ. ಅದು ಪ್ಯಾರಮೌಂಟ್ ಸಿನಿಮಾ. ಆ ಸಲ ಗೆದ್ದದ್ದು ತಂಗಿ ಜೋನ್. ಅಕ್ಕತಂಗಿಯರ ಜಗಳದ ಬಗ್ಗೆ ಪತ್ರಿಕೆಗಳು ಜೀವನಪೂರ್ತಿ ಬರೆದವು, ಅದನ್ನು ಇಲ್ಲಿ ಬಿಡೋಣ. ನನಗೆ ಮುಖ್ಯ ಅನಿಸುವುದು ಇಷ್ಟು: ಎರಡೂ ನಾಮನಿರ್ದೇಶನ ಬಂದದ್ದು ವಾರ್ನರ್ ಸ್ಟುಡಿಯೋ ಒಲಿವಿಯಾ ಅವರನ್ನು ಹೊರಗೆ ಕಡ ಕೊಟ್ಟಾಗ. ಹೊರಗಿನವರಿಗೆ ಕಂಡ ನಟಿ ಮನೆಯವರ ಕಣ್ಣಿಗೆ ಬೀಳಲಿಲ್ಲ. ವಾಪಸ್ ಬಂದರೆ ಮತ್ತೆ ಅದೇ ನಾಯಕನ ಪ್ರೇಯಸಿ ಪಾತ್ರ. ಬೇಡ ಅಂದರು. ಸಸ್ಪೆಂಡ್ ಆದರು. ಹೀಗೆ ಆಗಾಗ ಸೇರಿದ ವಾರಗಳೇ 25.

ಮೊದಲು ಹೋದವರ ಗತಿ

ಸ್ಟುಡಿಯೋ ಮೇಲೆ ಕೋರ್ಟಿಗೆ ಹೋದವರಲ್ಲಿ ಇವರು ಮೊದಲಿಗರಲ್ಲ. ನಟ ಜೇಮ್ಸ್ ಕ್ಯಾಗ್ನಿ ಇದೇ ವಾರ್ನರ್ ಮೇಲೆ ಕರಾರು ಮುರಿದರೆಂದು ದಾವೆ ಹಾಕಿ 1936ರಲ್ಲಿ ಗೆದ್ದಿದ್ದರು. ಆದರೆ ಅಲ್ಲಿ ತಪ್ಪು ಮಾಡಿದ್ದು ಸ್ಟುಡಿಯೋ, ಕರಾರಿನಲ್ಲಿ ಬರೆದ ಮಾತನ್ನೇ ಅದು ಪಾಲಿಸಿರಲಿಲ್ಲ. ಅದೇ ವರ್ಷ ನಟಿ ಬೆಟ್ಟಿ ಡೇವಿಸ್ ಪ್ರಕರಣ ಲಂಡನ್ನಿನಲ್ಲಿ ನಡೆಯಿತು. ಕೊಡುವ ಪಾತ್ರಗಳಿಂದ ಬೇಸತ್ತು ಅವರು ಇಂಗ್ಲೆಂಡಿನಲ್ಲಿ ಸಿನಿಮಾ ಮಾಡಲು ಹೊರಟಿದ್ದರು. ವಾರ್ನರ್ ಅಲ್ಲಿನ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ವಾರ್ನರ್ ಕೆಲಸಕ್ಕೆ ಹೋಗಲೇಬೇಕು ಅಂತ ನ್ಯಾಯಾಧೀಶರು ಹೇಳಲಿಲ್ಲ. ಬೇರೆಯವರಿಗೆ ಮಾಡಬಾರದು ಅಂದರು, ನಟನೆ ಬಿಟ್ಟು ಬೇರೆ ಏನಾದರೂ ಕೆಲಸ ಮಾಡಿ ಬದುಕಬಹುದಲ್ಲ ಅನ್ನುವ ಅರ್ಥದಲ್ಲಿ. ನಟಿಯೊಬ್ಬಳಿಗೆ ನೀನು ಬೇರೆ ಕೆಲಸ ನೋಡಿಕೋ ಅನ್ನುವುದಕ್ಕೂ, ಹಳೆ ಯಜಮಾನನ ಬಳಿಗೆ ಹೋಗು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ? ಡೇವಿಸ್ ವಾರ್ನರ್‌ಗೆ ಮರಳಿದರು. ಆ ಲಂಡನ್ ತೀರ್ಪನ್ನು ನಮ್ಮ ಕಾನೂನು ಕಾಲೇಜುಗಳಲ್ಲೂ ಓದಿಸುತ್ತಾರೆ. ಕರಾರು ನಡೆಯುತ್ತಿರುವಾಗ ಬೇರೆಡೆ ಕೆಲಸ ಮಾಡದಂತೆ ತಡೆಯಬಹುದೇ ಅನ್ನುವ ಪಾಠ ಬಂದಾಗ ಬೆಟ್ಟಿ ಡೇವಿಸ್ ಹೆಸರು ಬರುತ್ತದೆ.

ಡೇವಿಸ್ ಕೇಳಿದ್ದು ಕರಾರಿನ ನಡುವೆಯೇ ಬಿಡುಗಡೆ. ಒಲಿವಿಯಾ ಕೇಳಿದ್ದು ಅದನ್ನಲ್ಲ. ಕರಾರಿನ ಅವಧಿ ಪೂರ್ತಿ ಮುಗಿಯುವವರೆಗೆ ಅವರು ಅಲ್ಲೇ ಇದ್ದರು. ಏಳು ವರ್ಷ ಅಂದರೆ ಏಳು ವರ್ಷ ತಾನೇ ಅಂತ ಮಾತ್ರ ಕೇಳಿದರು. ಈ ಪ್ರಶ್ನೆ ಚಿಕ್ಕದಾಗಿದ್ದದ್ದೇ ಅದರ ಬಲ.

ಆ ಪ್ರಶ್ನೆಯನ್ನು ಕೈಗೆ ಕೊಟ್ಟವರು ವಕೀಲ ಮಾರ್ಟಿನ್ ಗ್ಯಾಂಗ್. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಒಂದು ಹಳೆಯ ಕಲಂ ಇದೆ ಎಂದು ಅವರು ತೋರಿಸಿದರು. ಯಾರದೇ ವೈಯಕ್ತಿಕ ಸೇವೆಯ ಕರಾರನ್ನು, ಸೇವೆ ಶುರುವಾದ ದಿನದಿಂದ ಏಳು ವರ್ಷ ದಾಟಿದ ಮೇಲೆ, ಕೆಲಸ ಮಾಡುವವರ ಮೇಲೆ ಹೇರುವ ಹಾಗಿಲ್ಲ. ಇದು ಸಿನಿಮಾಕ್ಕಾಗಿ ಮಾಡಿದ ಕಾನೂನಲ್ಲ. ಅದರ ಬೇರು 1872ರಷ್ಟು ಹಳೆಯದು, ಸಿನಿಮಾ ಹುಟ್ಟುವುದಕ್ಕೂ ಮೊದಲಿನದು. ಆಗ ಮಿತಿ ಎರಡೇ ವರ್ಷ. 1919ರಲ್ಲಿ ಅದು ಐದಾಯಿತು, 1931ರಲ್ಲಿ ಏಳಾಯಿತು. 1937ರಲ್ಲಿ ಅದನ್ನು ಕಾರ್ಮಿಕ ಕಾನೂನಿಗೆ ಸೇರಿಸಿ 2855ನೇ ಸೆಕ್ಷನ್ ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಜೀತ ತಡೆಯುವ ಕಾನೂನಿನ ಜಾತಿಗೆ ಸೇರಿದ್ದು. ಒಬ್ಬ ಮನುಷ್ಯ ಕಷ್ಟಕ್ಕೆ ಸಿಕ್ಕಿ ಯಾವುದೋ ಕಾಗದಕ್ಕೆ ಸಹಿ ಹಾಕಿದ ಅಂತ ಆಯುಷ್ಯಪೂರ್ತಿ ಒಬ್ಬನಿಗೇ ದುಡಿಯಬಾರದು ಅನ್ನುವುದು ಅದರ ಆಶಯ.

ತುಪ್ಪಳದ ಕೋಟು ಹಾಕಿಕೊಂಡ ಸಿನಿಮಾ ನಟಿಗೂ ಜೀತಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದರು. ನ್ಯಾಯವಾದ ಪ್ರಶ್ನೆಯೇ. ಅವರು ಬಡವರಲ್ಲ, ಹಸಿದವರಲ್ಲ. ಆದರೆ ಕಾನೂನು ಸಂಬಳದ ಅಂಕಿ ನೋಡಿ ಬದಲಾಗುವುದಾದರೆ ಅದು ಕೊನೆಗೆ ಯಾರನ್ನೂ ಕಾಯುವುದಿಲ್ಲ ಅಂತ ನನ್ನ ನಂಬಿಕೆ. ಕಲಂನಲ್ಲಿ ಇಂಥವರಿಗೆ ಮಾತ್ರ ಅಂತ ಬರೆದಿರಲಿಲ್ಲ.

ಕಟಕಟೆಯಲ್ಲಿ

1943ರ ಆಗಸ್ಟ್ 23ರಂದು ದಾವೆ ದಾಖಲಾಯಿತು. ಸ್ಟುಡಿಯೋ ವಕೀಲರ ವಾದ ಸರಳ. ಏಳು ವರ್ಷ ಅಂದರೆ ಏಳು ವರ್ಷದಷ್ಟು ಕೆಲಸ. ಮನೆಯಲ್ಲಿ ಕೂತ ವಾರಗಳು ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಸಸ್ಪೆನ್ಷನ್ ಷರತ್ತಿಗೆ ಅವರೇ ಸಹಿ ಹಾಕಿದ್ದಾರೆ, ಹಾಗಾಗಿ ಕಾನೂನಿನ ರಕ್ಷಣೆ ಬೇಡ ಅಂತ ಒಪ್ಪಿದಂತೆಯೇ.

ಅವರು ನಿಜವಾಗಿ ನೆಚ್ಚಿಕೊಂಡಿದ್ದು ಇನ್ನೊಂದು ಚಿತ್ರವನ್ನು. ಇವಳು ಹಟಮಾರಿ, ಗರ್ವ ತಲೆಗೇರಿದ ನಟಿ, ಬೇಕಾದಾಗ ಬರುತ್ತಾಳೆ ಬೇಡವಾದಾಗ ಇಲ್ಲ ಅಂತ ತೋರಿಸುವುದು. ಗ್ಯಾಂಗ್ ಮೊದಲೇ ಎಚ್ಚರಿಸಿದ್ದರು: ಏನೇ ಕೇಳಿದರೂ ಸಿಟ್ಟು ಮಾಡಿಕೊಳ್ಳಬೇಡಿ. ಪಾಟೀಸವಾಲಿನಲ್ಲಿ ಇಂಥ ದಿನ ಕೆಲಸಕ್ಕೆ ಬರಲು ನಿರಾಕರಿಸಿದಿರಿ ಅಲ್ಲವೇ ಅನ್ನುವ ಧಾಟಿಯಲ್ಲಿ ಪ್ರಶ್ನೆ ಬಂತು. ನಿರಾಕರಿಸಲಿಲ್ಲ, ಬೇಡವೆಂದು ವಿನಯದಿಂದ ಹೇಳಿದೆ ಅನ್ನುವ ಅರ್ಥದ ಉತ್ತರ ಕೊಟ್ಟೆ ಎಂದು ಒಲಿವಿಯಾ ಮುಂದೆ ಸಂದರ್ಶನದಲ್ಲಿ ನೆನೆದುಕೊಂಡಿದ್ದಾರೆ. ಸುಮ್ನೆ ಪದದ ಆಟ ಅನಿಸಬಹುದು. ಅಲ್ಲ. ನಿರಾಕರಿಸಿದೆ ಅಂದರೆ ಕರ್ತವ್ಯ ತಪ್ಪಿದ ಹಾಗೆ. ಬೇಡವೆಂದೆ ಅಂದರೆ ಬಂದದ್ದನ್ನು ಒಪ್ಪುವ, ಬಿಡುವ ಹಕ್ಕು ನನಗೂ ಇತ್ತು ಅಂತ. ಇಡೀ ಮೊಕದ್ದಮೆ ಆ ಎರಡು ಕ್ರಿಯಾಪದಗಳ ನಡುವೆ ನಿಂತಿತ್ತು. ಮಾತು ಗೊತ್ತಿದ್ದ ನಟಿ ಸರಿಯಾದದ್ದನ್ನು ಆರಿಸಿಕೊಂಡರು.

1944ರ ಮಾರ್ಚ್‌ನಲ್ಲಿ ಕೆಳ ಕೋರ್ಟು ಒಲಿವಿಯಾ ಪರ ತೀರ್ಪು ಕೊಟ್ಟಿತು. ವಾರ್ನರ್ ಮೇಲ್ಮನವಿಗೆ ಹೋಯಿತು. ಅದರ ಜೊತೆಗೆ ಊರಿನ ಸಿನಿಮಾ ಕಂಪನಿಗಳಿಗೆಲ್ಲ ಪತ್ರ, ಟೆಲಿಗ್ರಾಂ ಕಳಿಸಿತು. ಈ ನಟಿ ಇನ್ನೂ ನಮ್ಮ ಕರಾರಿನಲ್ಲಿದ್ದಾರೆ, ಕೆಲಸ ಕೊಟ್ಟರೆ ಹುಷಾರ್ ಅನ್ನುವ ಧಾಟಿಯಲ್ಲಿ. ಗೆದ್ದ ಮೇಲೂ ಬಾಗಿಲುಗಳು ಮುಚ್ಚಿಕೊಂಡವು. ಕೋರ್ಟಿನ ಖರ್ಚೇ ಸುಮಾರು 13,000 ಡಾಲರ್ ಆಯಿತು. ಆ ಕಾಲದ 13,000 ಡಾಲರ್, ಅದೂ ಸಿನಿಮಾದ ಸಂಬಳವೇ ಇಲ್ಲದ ದಿನಗಳಲ್ಲಿ.

ಕೈಕಟ್ಟಿ ಕೂರುವ ಬದಲು ಅವರು ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಹೊರಟರು. ಅಲಾಸ್ಕಾ ಕಡೆಯ ಚಳಿ ದ್ವೀಪಗಳು, ಆಮೇಲೆ ದಕ್ಷಿಣ ಪೆಸಿಫಿಕ್. ಒಂದೊಂದು ಹಾಸಿಗೆಯ ಬಳಿ ನಿಂತು ಮಾತಾಡಿಸುವುದೇ ಕೆಲಸ. ಫಿಜಿಯಲ್ಲಿ ನ್ಯುಮೋನಿಯಾ ಹಿಡಿದು ಅವರೇ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಈ ಸೈನಿಕರಿಗೂ ಪ್ರಕರಣಕ್ಕೂ ನಂಟಿತ್ತು. ಹಾಲಿವುಡ್‌ನ ಎಷ್ಟೋ ನಟರು ಸೇನೆಗೆ ಸೇರಿದ್ದರು. ಸ್ಟುಡಿಯೋದವರ ಲೆಕ್ಕ ಗೆದ್ದಿದ್ದರೆ ಯುದ್ಧದಲ್ಲಿ ಕಳೆದ ವರ್ಷಗಳೂ ಕೆಲಸ ಮಾಡದ ವರ್ಷಗಳೇ. ಪ್ರಾಣ ಪಣಕ್ಕಿಟ್ಟು ವಾಪಸ್ ಬಂದವರು ಹಳೆಯ ಸಂಬಳಕ್ಕೆ, ಹಳೆಯ ಕರಾರಿಗೆ ಅಷ್ಟೂ ವರ್ಷ ದುಡಿದು ತೀರಿಸಬೇಕಿತ್ತು. ಒಲಿವಿಯಾ ಮುಂದೆ ಈ ಮಾತನ್ನೂ ಹೇಳಿದ್ದಾರೆ.

1944ರ ಡಿಸೆಂಬರ್ 8ರಂದು ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿತು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ. ಕೆಲಸ ಮಾಡಿದ ದಿನ, ಮಾಡದ ದಿನ ಅಂತ ಭೇದವಿಲ್ಲ. ಇನ್ನೂ ದೊಡ್ಡ ಮಾತು ಮುಂದಿನದು. ಈ ಕಾನೂನು ಎಲ್ಲರ ಹಿತಕ್ಕಾಗಿ ಮಾಡಿದ್ದು, ಅದನ್ನು ಒಬ್ಬರು ಖಾಸಗಿ ಕರಾರಿನಲ್ಲಿ ನನಗೆ ಬೇಡ ಅಂತ ಬರೆದುಕೊಟ್ಟರೂ ನಡೆಯುವುದಿಲ್ಲ. ಇದು ತುಂಬಾ ಮುಖ್ಯ. ಹಕ್ಕನ್ನು ಬಿಟ್ಟುಕೊಡಬಹುದು ಅಂತಾದರೆ ಪ್ರತಿ ಕರಾರಿನ ಕೊನೆಯಲ್ಲೂ ಹಕ್ಕು ಬಿಟ್ಟಿದ್ದೇನೆ ಅನ್ನುವ ಒಂದು ಸಾಲು ಅಚ್ಚಾಗಿ ಬರುತ್ತಿತ್ತು. ಕೆಲಸ ಬೇಕಾದವರು ಅದಕ್ಕೂ ಸಹಿ ಹಾಕುತ್ತಿದ್ದರು. 1945ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ವಾರ್ನರ್ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಬಾಕಿ ಲೆಕ್ಕ ಚುಕ್ತಾ.

ಆಮೇಲೆ

ಎರಡು ವರ್ಷ ತೆರೆಯಿಂದ ದೂರ ಇದ್ದವರನ್ನು ಜನ ಮರೆತಿರುತ್ತಾರೆ ಅನ್ನುವ ಭಯ ಇದ್ದೇ ಇರುತ್ತದೆ. 1946ರಲ್ಲಿ ಪ್ಯಾರಮೌಂಟ್‌ನ ‘ಟು ಈಚ್ ಹಿಸ್ ಓನ್’ ಬಂತು. ಮದುವೆಯಾಗದೆ ಹೆತ್ತ ಮಗುವನ್ನು ಬಿಟ್ಟುಕೊಡಬೇಕಾದ ತಾಯಿಯ ಪಾತ್ರ. ಹರೆಯದ ಹುಡುಗಿಯಿಂದ ನಡುವಯಸ್ಸಿನ, ಮನಸ್ಸು ಗಟ್ಟಿಯಾದ ಹೆಂಗಸಿನವರೆಗೆ ಅವರು ಬೆಳೆಯುತ್ತಾರೆ. ಮೊದಲ ಆಸ್ಕರ್ ಸಿಕ್ಕಿತು. ಅದೇ ವರ್ಷ ವಾರ್ನರ್ ಮೂರು ವರ್ಷದ ಹಿಂದೆಯೇ ಮುಗಿಸಿ ಡಬ್ಬದಲ್ಲಿಟ್ಟಿದ್ದ ‘ಡಿವೋಷನ್’ ಅನ್ನೂ ಬಿಡುಗಡೆ ಮಾಡಿತು. ಒಂದೇ ವರ್ಷದಲ್ಲಿ ಹಳೆಯ ಕರಾರಿನ ಒಲಿವಿಯಾ ಮತ್ತು ಸ್ವತಂತ್ರ ಒಲಿವಿಯಾ ಇಬ್ಬರನ್ನೂ ಜನ ನೋಡಿದರು.

1948ರ ‘ದ ಸ್ನೇಕ್ ಪಿಟ್’ನಲ್ಲಿ ಮಾನಸಿಕ ಆಸ್ಪತ್ರೆಯ ರೋಗಿಯಾದರು. ಮುಖಕ್ಕೆ ಬಣ್ಣವಿಲ್ಲ, ಕೂದಲು ಕೆದರಿದೆ. ಮೇರಿಯನ್ ಅನ್ನು ನೋಡಿದವರಿಗೆ ನಂಬೋಕೆ ಆಗುವುದಿಲ್ಲ. ಮರುವರ್ಷ ವಿಲಿಯಂ ವೈಲರ್ ನಿರ್ದೇಶನದ ‘ದಿ ಏರೆಸ್’. ಅದರಲ್ಲಿ ಒಂದು ದೃಶ್ಯ ಇದೆ. ಪ್ರಿಯಕರ ಕೈಕೊಟ್ಟ ರಾತ್ರಿ, ಓಡಿಹೋಗಲು ಕಟ್ಟಿಕೊಂಡಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ಕ್ಯಾಥರೀನ್ ಮೆಟ್ಟಿಲು ಹತ್ತುತ್ತಾಳೆ. ವೈಲರ್ ಮತ್ತೆ ಮತ್ತೆ ತೆಗೆಸಿದರಂತೆ. ಕೊನೆಗೆ ಪೆಟ್ಟಿಗೆ ಖಾಲಿ ಇದೆ ಅಂತ ಗೊತ್ತಾಗಿ ಅದರೊಳಗೆ ಭಾರ ತುಂಬಿಸಿದರು ಅನ್ನುವ ಕತೆ ಇದೆ. ತೆರೆಯ ಮೇಲೆ ಆ ಭಾರ ಕಾಣುತ್ತದೆ. ಒಂದು ಕೈ ಕಂಬಿ ಹಿಡಿದಿದೆ, ಇನ್ನೊಂದು ಕೈ ಕೆಳಕ್ಕೆ ಜಗ್ಗುತ್ತಿದೆ, ಬೆನ್ನು ಬಾಗಿದೆ. ಮಾತಿಲ್ಲ. ಎರಡನೆಯ ಆಸ್ಕರ್ ಈ ಸಿನಿಮಾಕ್ಕೆ. ಈ ಮೂರು ಪಾತ್ರಗಳಲ್ಲಿ ಒಂದನ್ನೂ ಹಳೆಯ ಕರಾರಿನಡಿ ಅವರಿಗೆ ಕೊಡುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಈ ಒಂದೇ ತೀರ್ಪು ಸ್ಟುಡಿಯೋಗಳ ಯಜಮಾನಿಕೆಯನ್ನು ಮುರಿಯಿತು ಅಂತ ಬರೆಯುವವರಿದ್ದಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಟುಡಿಯೋಗಳು ಥಿಯೇಟರುಗಳನ್ನೂ ಹಿಡಿದಿಟ್ಟುಕೊಂಡಿದ್ದರ ವಿರುದ್ಧ ಕೊಟ್ಟ ತೀರ್ಪು ಹಣದ ಬುಡಕ್ಕೇ ಕೈ ಹಾಕಿತು. ಟಿವಿ ಬಂದು ಉಳಿದದ್ದನ್ನು ಮಾಡಿತು. ಆದರೆ ನಟರ ಮಟ್ಟಿಗೆ ಬೇಲಿ ಮೊದಲು ಕಿತ್ತದ್ದು ಇಲ್ಲೇ. ಮೆಲನಿ ಪಾತ್ರಕ್ಕಾಗಿ ಬದಲಾಯಿಸಿಕೊಂಡಿದ್ದ ಜೇಮ್ಸ್ ಸ್ಟುವರ್ಟ್ ನೆನಪಿದೆಯಲ್ಲ? ಅವರು ಯುದ್ಧ ಮುಗಿಸಿ ಬಂದು ತಮ್ಮ ಹಳೆಯ ಸ್ಟುಡಿಯೋ ಎಂಜಿಎಂ ಜೊತೆ ಕರಾರು ಮುಂದುವರಿಸಲಿಲ್ಲ. 1950ರಲ್ಲಿ ‘ವಿಂಚೆಸ್ಟರ್ 73’ ಸಿನಿಮಾಕ್ಕೆ ಸಂಬಳದ ಬದಲು ಲಾಭದಲ್ಲಿ ಪಾಲು ತೆಗೆದುಕೊಂಡರು. ಹತ್ತು ವರ್ಷದಲ್ಲಿ ಮಾತುಕತೆಯ ಮೇಜು ಎಷ್ಟು ತಿರುಗಿತ್ತು ನೋಡಿ.

ಒಲಿವಿಯಾ 1950ರ ದಶಕದಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದರು. 1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷರಾದ ಮೊದಲ ಮಹಿಳೆ ಅವರೇ. ನೂರು ದಾಟಿದ ಮೇಲೂ ಒಮ್ಮೆ ಕೋರ್ಟಿಗೆ ಹೋದರು. ಒಂದು ಟಿವಿ ಧಾರಾವಾಹಿಯಲ್ಲಿ ತಮ್ಮನ್ನು ಪಾತ್ರವಾಗಿ ತೋರಿಸಿದ ರೀತಿ ಸರಿಯಲ್ಲ ಅಂತ. ಆ ಸಲ 2018ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತರು. 2020ರ ಜುಲೈ 26ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ.

2855ನೇ ಸೆಕ್ಷನ್ ಅನ್ನು ವಕೀಲರು ಇವತ್ತಿಗೂ ಡಿ ಹ್ಯಾವಿಲೆಂಡ್ ಕಾನೂನು ಅಂತಲೇ ಕರೆಯುತ್ತಾರೆ. 1987ರಲ್ಲಿ ಅದಕ್ಕೆ ಒಂದು ತಿದ್ದುಪಡಿ ಆಯಿತು. ಹಾಡುಗಾರರು ಏಳು ವರ್ಷದ ನಂತರ ಹೊರಟರೆ, ಒಪ್ಪಿಕೊಂಡು ಮಾಡಿಕೊಡದ ಆಲ್ಬಂಗಳಿಗಾಗಿ ರೆಕಾರ್ಡ್ ಕಂಪನಿ ಪರಿಹಾರ ಕೇಳಬಹುದು ಅಂತ. 2008ರಲ್ಲಿ ಜೇರೆಡ್ ಲೆಟೊ ಅವರ ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ಸಂಗೀತ ತಂಡ ಈ ಕಾನೂನು ಹಿಡಿದು ಹೊರಗೆ ಹೊರಟಾಗ, ಇಎಂಐ ಅನ್ನುವ ರೆಕಾರ್ಡ್ ಕಂಪನಿ 3 ಕೋಟಿ ಡಾಲರ್ ಕೇಳಿ ದಾವೆ ಹಾಕಿತು. ವಾರಗಳ ಬಾಕಿ ಹೋಗಿ ಆಲ್ಬಂಗಳ ಬಾಕಿ ಬಂದಿತ್ತು.